ದೊಡ್ಡತಾಯಮ್ಮನ ಜೀಪು

ಅರುಣ್‌ಕುಮಾರ್ ಜೀಪಿನ ಕೆಳಗೆ ನುಸುಳಿ ಚಾಕುವಿನ ತುದಿಯಿಂದ ಬಣ್ಣ ಕೆರೆಯತೊಡಗಿದಾಗ ಮರಿಯಣ್ಣನಿಗೆ ಸಿಟ್ಟು ಬಂತು.

"ಯಾಕ್ ಸಾ, ಕದ್ದ ಮಾಲು ಅಂದ್ಕಂಡ್ರಾ? ನಮ್ಮಪ್ಪನ ಕಾಲ್ದಿಂದ ಈ ಕೊಟ್ಗೇಲೇ ಅದೆ ಕಣ್ರೀ. ಮಲ್ಲಿಪಟ್ಟಣದಾಗೆ ಯಾರ್ನಾರ ಕೇಳ್ಕಳಿ."

ಅರುಣ್ ಕೆರೆಯುತ್ತಲೇ ಇದ್ದ. ಕೆಂಪು ಉದುರಿತು, ಅದರಡಿಯ ನೀಲಿಯೂ ಉದುರಿತು. ಕೊನೆಗೆ ಮಂಕು ಹಸಿರು ಕಾಣಿಸಿತು. ಮಿಲಿಟರಿ ಹಸಿರು. ಎದ್ದು ಬಂದು ಬಾನೆಟ್ ಎತ್ತಿ, ಹೆಡ್‌ಲೈಟನ್ನು ಹಿಂದಕ್ಕೆ ಮಗುಚಿ ನೋಡಿದ. ಸಲೀಸಾಗಿ ಮಗುಚಿತು. ಕತ್ತಲಲ್ಲಿ ರಿಪೇರಿ ಮಾಡುವ ಸೈನಿಕನಿಗೆ ಇಂಜಿನ್ನಿನ ಮೇಲೆ ಬೆಳಕು ಬೀಳಲೆಂದು ಯುದ್ಧಕಾಲದಲ್ಲಿ ಮಾಡಿದ ಏರ್ಪಾಡು ಅದು. ಸ್ಟೇರಿಂಗ್ ಎಡಗಡೆ. ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಅಡಿಯಲ್ಲಿ. ಪಕ್ಕದಲ್ಲಿ ಸಲಿಕೆ, ಕೊಡಲಿ ಸಿಕ್ಕಿಸುವ ಜಾಗ.

"ನಿಮ್ಮಪ್ಪ ಯಾರ ಹತ್ರ ತಗಂಡಿದ್ರು?"

"ಹಳ್ಳಿಮೈಸೂರಿನ ಯಾರೋ ಗೌಡ್ರ ತಾವ ಅಂತಿದ್ದ."

ಅರುಣ್ ಬಾನೆಟ್ ಮೇಲೆ ಅಂಗೈ ಊರಿದ. "ನಮ್ ತಾತಂದು ಕಣಣ್ಣ ಇದು."

ಹೊಳೆನರಸೀಪುರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದ ಅರುಣನಿಗೆ ಹಳೇ ಜೀಪುಗಳ ಹುಚ್ಚು ಮೊದಲಿನಿಂದಲೂ ಇತ್ತು. ಆದರೆ ಚನ್ನರಾಯಪಟ್ಟಣದಿಂದ ಅರಕಲಗೂಡಿನವರೆಗೆ ಕಂಡವರ ಕೊಟ್ಟಿಗೆಗೆಲ್ಲ ತಲೆ ಹಾಕಿ ಹುಡುಕಿದ್ದು ಶೋಕಿಗಲ್ಲ. ಹಳ್ಳಿಮೈಸೂರಿನ ಮನೆಯಲ್ಲಿ ಅವನ ಅಜ್ಜಿ ದೊಡ್ಡತಾಯಮ್ಮ ಹಾಸಿಗೆ ಹಿಡಿದಿದ್ದಳು. ತೊಂಬತ್ತೈದು ದಾಟಿದ ಜೀವ. ಡಾಕ್ಟರು ಕೈಚೆಲ್ಲಿದ್ದರು. ಗಂಜಿ ಬೇಡ, ನೀರು ಬೇಡ. ಕಣ್ಣು ಬಿಟ್ಟಾಗಲೆಲ್ಲ ಕೇಳುವುದು ಒಂದೇ. "ಜೀಪ್ ಬಂತಾ? ಅವ್ರು ಬಂದ್ರಾ?"

ಅವರು ಅಂದರೆ ಯಾರು ಎಂದು ಕೇಳುವ ಪ್ರಮೇಯವೇ ಯಾರಿಗೂ ಬರಲಿಲ್ಲ. ದೊಡ್ಡತಾಯಮ್ಮ ಹಳೇ ಕಾಲದವಳು, ಗಂಡನ ಹೆಸರನ್ನು ಬಾಯಿಂದ ಆಡಿದವಳಲ್ಲ. ಬ್ಯಾಂಕಿನಲ್ಲಿ ಯಜಮಾನರ ಹೆಸರೇನಮ್ಮ ಎಂದರೆ "ನೀನೇ ಯೋಳ್ಲಾ" ಎಂದು ಮೊಮ್ಮಗನ ಪಕ್ಕೆ ತಿವಿಯುತ್ತಿದ್ದಳು. ತಾತ ನಂಜಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಪಾಪ, ಮುದುಕಿಗೆ ಅದು ಮರೆತುಹೋಗಿದೆ ಎಂದು ಮನೆಯವರು ಕಣ್ಣೊರೆಸಿಕೊಂಡರು.

ಜೀಪಿನ ಕತೆ ಊರಿಗೆಲ್ಲ ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದನ್ನು ನಂಜಪ್ಪ ಮದುವೆಯಾದ ಹೊಸದರಲ್ಲಿ ಕೊಂಡು ತಂದಿದ್ದ. ಅದರ ಸದ್ದು ಊರುಬಾಗಿಲಲ್ಲಿ ಕೇಳಿದರೆ ಸಾಕು, ದೊಡ್ಡತಾಯಮ್ಮ ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಬೀದಿಗೆ ಓಡಿ ಬರುತ್ತಿದ್ದಳಂತೆ. ಗಂಡ ಇಳಿದದ್ದನ್ನು ಕಂಡವಳೇ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳಂತೆ. ಹೊಸ ಹೆಂಡತಿಯ ನಾಚಿಕೆ ನೋಡ್ರಪ್ಪಾ ಎಂದು ಅಕ್ಕಪಕ್ಕದವರು ನಗಾಡಿದ್ದರು. ಅಂಥ ಗಟ್ಟಿಮುಟ್ಟಾದ ಗಾಡಿಯನ್ನು ನಂಜಪ್ಪ ವರ್ಷ ತುಂಬುವುದರೊಳಗೆ ಮಾರಿಬಿಟ್ಟ. ಯಾಕೆಂದು ಕೇಳಿದವರಿಗೆ "ನಮ್ಮನೆಗೆ ಆಗಿಬರ್ಲಿಲ್ಲ" ಎಂದಷ್ಟೇ ಹೇಳಿ ಮತ್ತೆ ಎತ್ತಿನ ಗಾಡಿ ಹೂಡಿದ.

ಇದನ್ನೆಲ್ಲ ಕೇಳಿ ಮರಿಯಣ್ಣ ಮೆತ್ತಗಾದ. "ಅಜ್ಜಿಗೆ ಅಂದ್ಮೇಲೆ ಚೌಕಾಸಿ ಯಾಕೆ ಸಾ? ತಗಂಡೋಗಿ. ಜೀವ ಇರೋವಾಗ್ಲೇ ತೋರ್ಸಿ."

ಅರಕಲಗೂಡಿನ ಮೆಕ್ಯಾನಿಕ್ಕಿಗೆ ಅರುಣ್ ನಿದ್ದೆ ಮಾಡಲು ಬಿಡಲಿಲ್ಲ. ಮರಿಯಣ್ಣನ ಅಪ್ಪ ಕೂರಿಸಿದ್ದ ಡೀಸೆಲ್ ಇಂಜಿನ್ ಇಳಿಸಿ, ಹಾಸನದ ಗುಜರಿಯಲ್ಲಿ ಸಿಕ್ಕ ಹಳೇ ಪೆಟ್ರೋಲ್ ಇಂಜಿನ್ ಹಾಕಿಸಿದ. ಅದೇ ಹಸಿರು ಬಳಿಸಿದ. ಸದ್ದು ಕೂಡ ಅದೇ ಆಗಬೇಕು, ಅಜ್ಜಿಯ ಕಿವಿಗೆ ಮೋಸವಾಗಬಾರದು ಎಂಬುದು ಅವನ ಹಟ. ಅವನ ತಾಯಿ ಅನಸೂಯಮ್ಮನಿಗೆ ಮಾತ್ರ ಅಳುಕಿತ್ತು.

"ಬರೀ ಗಾಡಿ ತಂದು ನಿಲ್ಸಿದ್ರೆ ಆಯ್ತೇನಪ್ಪ? ಬರೋರು ಬರ್ಬೇಕಲ್ಲ. ಅತ್ತೆ ಎದೆ ಒಡ್ಕಂಡ್ರೆ ಏನ್ ಮಾಡ್ತೀಯ?"

"ತಾತ ಇಲ್ಲ ಅಂತ ನಾನೇ ಮೆಲ್ಲಗೆ ಹೇಳ್ತೀನಮ್ಮ. ಜೀಪನ್ನಾದ್ರೂ ನೋಡ್ಲಿ."

ಅವತ್ತು ಬೆಳಗ್ಗೆ ಜೀಪು ಬೀದಿಗೆ ತಿರುಗುತ್ತಲೇ ಒಳಗೆ ದೊಡ್ಡತಾಯಮ್ಮ ಎದ್ದು ಕೂತಳು. ವಾರಗಳಿಂದ ಮಗ್ಗುಲು ಬದಲಿಸಲೂ ಆಗದಿದ್ದವಳು ಕೂತಳು. ತಲೆ ಬಾಚು ಎಂದಳು. ಕೆಂಪು ಸೀರೆ ಕೊಡು ಎಂದಳು. ಆಮೇಲೆ ಹೂ ಕೇಳಿದಳು. ಗಂಡ ಸತ್ತವಳಿಗೆ ಹೂ ಮುಡಿಸುವುದು ಹೇಗೆ ಎಂದು ಅನಸೂಯಮ್ಮ ಒಂದು ಗಳಿಗೆ ತಡೆದಳು. ಕೊನೆಗೆ ದೇವರ ಪಟದ ಮೇಲಿದ್ದ ಸೇವಂತಿಗೆ ತಂದು ಮುಡಿಸಿದಳು.

"ಮಾವ ಇದ್ದಾಗ್ಲೂ ಇಂಗೆ ಸಿಂಗಾರ ಮಾಡ್ಕಂಡೋರಲ್ಲ ನೀವು" ಎನ್ನುವಾಗ ಅವಳಿಗೆ ಅಳು ಬಂತು.

ಸೊಸೆಯ ತೋಳು ಹಿಡಿದು ದೊಡ್ಡತಾಯಮ್ಮ ಬೀದಿಗೆ ಬಂದಳು. ಅರುಣ್ ಎಡಗಡೆಯ ಸೀಟಿನಲ್ಲಿ ಕೂತೇ ಇದ್ದ, ಇಂಜಿನ್ ಓಡುತ್ತಲೇ ಇತ್ತು. ಮುದುಕಿಯ ಮುಖದಲ್ಲಿ ಅಂಥ ನಗುವನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ತನ್ನ ಜನ್ಮ ಸಾರ್ಥಕವಾಯಿತು ಎನಿಸಿತು.

ಅವಳು ಬಾನೆಟ್ ಮುಟ್ಟಿದಳು. ಪಕ್ಕದ ಸೀಟು ನೋಡಿದಳು. ಹಿಂದಕ್ಕೆ ಹೋಗಿ ಹಿಂದಿನ ಸೀಟಿಗೆ ಬಗ್ಗಿ ನೋಡಿದಳು. ನಗು ಆರಿತು. ಮೆಲ್ಲಗೆ ಮುಂದೆ ಬಂದು, ಎಂದೂ ಕಾಣದ ಪರಸ್ಥಳದವನನ್ನು ನೋಡುವಂತೆ ಮೊಮ್ಮಗನನ್ನು ನೋಡಿ ಕೈಮುಗಿದಳು.

"ನಂಗೂ ಜವರಪ್ಪಂಗೂ ವೀಳ್ಯಶಾಸ್ತ್ರ ಆದ ಮಾರನೆ ದಿನವೇ ದಂಡಿಗೆ ಅಂತ ಈ ಜೀಪಲ್ಲೇ ಕರ್ಕಂಡೋದ್ರಲ್ಲ ಸಾಮಿ, ಎಲ್ಲಿ ಇಳ್ಸ್‌ಬುಟ್ಟು ಬಂದ್ರಿ ಅವ್ರನ್ನ?"