ನಲವತ್ತು ಸೆಕೆಂಡು

ಟಿವಿಯಲ್ಲಿ ಹಸಿರು ಚಡ್ಡಿಯ ಬಾಕ್ಸರ್ ಬಿದ್ದೇಬಿಟ್ಟ. ದವಡೆಗೆ ಒಂದೇ ಏಟು. "ಅಯ್ಯೋ" ಎನ್ನಲು ತೆರೆದ ಬಾಯಿಯನ್ನು ಮನೋರಮಾ ಅಂಗೈಯಿಂದ ಮುಚ್ಚಿಕೊಂಡಳು. ಟೀಪಾಯಿಯ ಮೇಲೆ ಸ್ಪೀಕರಿಗೆ ಹಾಕಿಟ್ಟ ಮೊಬೈಲಿನಲ್ಲಿ, ಕುವೈತಿನಿಂದ ಗಂಡ ವಿಠಲ ಇನ್ನೂ ಬೊಬ್ಬೆ ಹೊಡೆಯುತ್ತಿದ್ದ.

"ಕೈ ಎತ್ತು ಮಾರಾಯ, ಕೈ ಎತ್ತು! ಮನೂ, ನೋಡ್ತಾ ಇದ್ದೀಯಾ? ಇವತ್ತು ನಮ್ಮ ಹಸಿರು ಚಡ್ಡಿ ಗೆದ್ದ ಹಾಗೆಯೇ."

"ನೋಡ್ತಾ ಇದ್ದೇನೆ," ಎಂದಳು ಮನೋರಮಾ. ಅವಳ ಕಣ್ಣು ಗೋಡೆ ಗಡಿಯಾರದ ಸೆಕೆಂಡು ಮುಳ್ಳಿನ ಮೇಲಿತ್ತು. ಹೂಡೆಯ ಈ ಮನೆಯ ಕೇಬಲ್ ಟಿವಿಯಲ್ಲಿ ಕಂಡದ್ದು ಅಲ್ಲಿ ಅವನ ಮೊಬೈಲಿಗೆ ಮುಟ್ಟಲು ನಲವತ್ತು ಸೆಕೆಂಡು ಬೇಕು.

ಶುಕ್ರವಾರ ವಿಠಲನಿಗೆ ರಜೆ. ಉಳಿದ ದಿನಗಳಲ್ಲಿ ಫೋನಿನ ಮಾತೆಂದರೆ ಬಾವಿಯ ಪಂಪು, ರೇಷನ್ ಕಾರ್ಡಿನ ತಿದ್ದುಪಡಿ, ಅವನ ಅಣ್ಣಂದಿರ ಜಾಗದ ತಕರಾರು. ಶುಕ್ರವಾರ ಸಂಜೆಯ ಬಾಕ್ಸಿಂಗಿನ ಹೊತ್ತಿಗೆ ಮಾತ್ರ ಅವನು ಅವಳನ್ನು ಮನೂ ಎಂದು ಕರೆಯುತ್ತಿದ್ದ. ಆಡುವವರ ಹೆಸರು ಇಬ್ಬರಿಗೂ ಬಾಯಿಗೆ ಬರುತ್ತಿರಲಿಲ್ಲ, ಚಡ್ಡಿಯ ಬಣ್ಣವೇ ಹೆಸರು. "ಮೂಗಿಗೆ ಹೊಡೆಯಬೇಡ ಅನ್ನಿ ಅವನಿಗೆ, ಆಚೆಯವನ ಅಮ್ಮ ನೋಡ್ತಾ ಇರಬಹುದು," ಎಂದು ಇವಳು. "ಅಮ್ಮನೇ ಕಳಿಸಿದ್ದು ಮಾರಾಯ್ತಿ, ಮನೆಯಲ್ಲಿ ಇವನ ಉಪದ್ರ ತಡೆಯಲಾಗದೆ," ಎಂದು ಅವನು. ಆ ಒಂದು ಗಂಟೆ ಅವನು ಇಲ್ಲೇ ಸೋಫಾದ ಆಚೆ ತುದಿಯಲ್ಲಿ ಕೂತ ಹಾಗೆಯೇ ಇರುತ್ತಿತ್ತು.

ಎರಡು ತಿಂಗಳ ಹಿಂದೆ ಅವನಿದ್ದ ಬಿಲ್ಡಿಂಗಿನ ಮಾಲಕ ತಾರಸಿಯ ಡಿಶ್ ತೆಗೆಸಿ ಹಾಕಿದ. ಎಲ್ಲರ ಕೈಯಲ್ಲೂ ಮೊಬೈಲ್ ಉಂಟು, ಇನ್ನು ಟಿವಿ ಯಾರಿಗೆ ಎಂದನಂತೆ. ಒಂದೇ ಟಿವಿಯ ಮುಂದೆ ಒತ್ತಿ ಕೂರುತ್ತಿದ್ದ ಒಂಬತ್ತು ಮಂದಿ ಈಗ ಒಂಬತ್ತು ಮಂಚಗಳಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮಲಗುತ್ತಾರೆ. ಹೂಡೆಯಲ್ಲಿಯೂ ಅದೇ. ಈ ದಾರಿಯಲ್ಲಿ ಕೇಬಲ್ ಉಳಿದದ್ದು ಮೂರೇ ಮನೆಗೆ. ಹೊಳೆ ಬದಿಯ ಈ ಮನೆಗೆ ನೆಟ್ ಸರಿಯಾಗಿ ಬರುವುದಿಲ್ಲ. ಫೋನ್ ಮಾತು ಹೇಗೋ ನಡೆಯುತ್ತದೆ, ಆ್ಯಪ್ ಹಾಕಿದರೆ ಚಕ್ರ ತಿರುಗುವುದೊಂದೇ. "ಈ ಬಾಕ್ಸಿಂಗ್ ಚಾನೆಲ್ ಕೂಡ ಇನ್ನೆಷ್ಟು ದಿನವೋ ಅಕ್ಕ, ಎಲ್ಲ ಮೊಬೈಲಿಗೆ ಹೋಗ್ತಾ ಉಂಟು," ಎಂದಿದ್ದ ಕೇಬಲಿನ ಪ್ಯಾಟ್ರಿಕ್.

ಡಿಶ್ ಹೋದ ಮೊದಲ ಶುಕ್ರವಾರ ಮನೋರಮಾ ಎಂದಿನಂತೆ "ಬಿದ್ದ!" ಎಂದು ಕೂಗಿದ್ದಳು. "ಎಲ್ಲಿ ಬಿದ್ದ? ನಿಂತೇ ಇದ್ದಾನಲ್ಲ?" ಎಂದ ವಿಠಲ. ಸ್ವಲ್ಪ ಹೊತ್ತಿನ ಮೇಲೆ ಅವನಿಗೂ ಕಂಡಿತು. "ಹೇಳಿಯೇ ಬಿಟ್ಟೆಯಲ್ಲ. ಇನ್ನು ಒಟ್ಟಿಗೆ ಎಂತ ನೋಡುವುದು," ಎಂದು ಫೋನಿಟ್ಟ. ಮರು ಶುಕ್ರವಾರ ಫೋನೇ ಬರಲಿಲ್ಲ. ಅದರ ಮುಂದಿನ ವಾರ ಅವಳೇ ಮಾಡಿದಳು. "ಪ್ಯಾಟ್ರಿಕ್ ಎಂತದೋ ಸರಿ ಮಾಡಿಕೊಟ್ಟ. ಈಗ ನನಗೂ ನಿಮ್ಮ ಒಟ್ಟಿಗೇ ಬರ್ತದೆ." ಹೇಳಿದ್ದು ಶುದ್ಧ ಸುಳ್ಳು. ಅಂದಿನಿಂದ ಏನು ಕಂಡರೂ ನಲವತ್ತು ಎಣಿಸಿಯೇ ಅವಳು ಬಾಯಿ ಬಿಡುವುದು.

ಇವತ್ತೂ ಎಣಿಸಿದಳು. ನಡುವೆ ಒಮ್ಮೆ ವಿಠಲನ ದನಿ ನಿಂತಿತು. ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಮೂವತ್ತೆಂಟು, ಮೂವತ್ತೊಂಬತ್ತು...

"ಅಯ್ಯೋ, ಬಿದ್ದ!"

"ಬಿದ್ದನಾ! ಛೆ, ಏಳು ಮಾರಾಯ, ಏಳು!"

ಆಗ ಆಚೆಯಿಂದ ಇನ್ನೊಂದು ದನಿ ಕೇಳಿಸಿತು. ಪಕ್ಕದ ಮಂಚದ ಉಜ್ವಲ್, ಕಾರ್ಕಳದವನು. "ಎಂತ ವಿಠಲಣ್ಣ, ಅವ ಸೋತ ಅಂತ ಆಗಲೇ ಆ್ಯಪಿನ ಮೆಸೇಜ್ ಬಂತಲ್ಲ? ನೀವೇ ಅಲ್ವಾ ನನಗೆ ತೋರಿಸಿದ್ದು? ವಾರ ವಾರವೂ ಹೀಗೆ ಮುಗಿದ ಆಟಕ್ಕೆ ಬೊಬ್ಬೆ ಹೊಡೀತೀರಲ್ಲ, ಯಾರಿಗೆ?"

"ಶ್!" ಎಂದ ವಿಠಲ.

ಅಲ್ಲಿನ ಏಸಿಯ ಗುಂಯ್ ಸದ್ದು ಇಲ್ಲಿಗೆ ಕೇಳುತ್ತಿತ್ತು. ಹಾಗಾದರೆ ಅವನಿಗೂ ಮೊದಲೇ ಗೊತ್ತಾಗುತ್ತಿತ್ತು, ಪ್ರತಿ ವಾರ. ಮನೋರಮಾ ಟಿವಿಯ ಕಡೆ ನೋಡಿದಳು. ಗೆದ್ದವನ ಕೈ ಎತ್ತಿ ಆಗಿ, ಬನಿಯನ್ನಿನ ಜಾಹೀರಾತು ಬರುತ್ತಿತ್ತು. ಸರಿ, ಇಡ್ತೇನೆ ಎಂದು ಈಗ ಇಬ್ಬರಲ್ಲಿ ಯಾರು ಹೇಳಿದರೂ ಮುಗಿಯಿತು. ಮುಂದಿನ ಶುಕ್ರವಾರ ಫೋನ್ ಮಾಡಲು ಕಾರಣವೇ ಇರುವುದಿಲ್ಲ.

"ಮನೂ," ಎಂದ ವಿಠಲ, ಬಹಳ ಮೆಲ್ಲಗೆ. "ಏಳ್ತಾನಾ ಅವ?"

ಅವಳು ಮೊಬೈಲನ್ನು ಕೈಗೆತ್ತಿಕೊಂಡಳು.

"ಏಳದೆ ಎಂತ? ನೋಡಿ, ಮೊಣಕಾಲು ಊರಿದ."

"...ಹೌದು. ಊರಿದ."

"ಹಗ್ಗ ಹಿಡ್ಕೊಂಡ."

"ಹಿಡ್ಕೊಂಡ. ಎದ್ದ ಮಾರಾಯ್ತಿ, ಎದ್ದ!" ವಿಠಲ ಬೊಬ್ಬೆ ಹೊಡೆದ. ಆಮೇಲೆ ಕೇಳಿದ, "ಇನ್ನೆಷ್ಟು ರೌಂಡ್ ಉಂಟು?"

ಮನೋರಮಾ ರಿಮೋಟ್ ಒತ್ತಿ ಟಿವಿ ಬಂದ್ ಮಾಡಿದಳು.

"ತುಂಬಾ ಉಂಟು," ಎಂದಳು.