ಹನ್ನೊಂದು ಗಂಟೆಯ ಬಾಣ

ಪರದೆಯ ಮೇಲೆ ಬಾಣ ತಾನಾಗಿಯೇ ಓಡಾಡುತ್ತಿತ್ತು. ಬಲಪಕ್ಕದಲ್ಲಿದ್ದ ಮೌಸ್ ಅಲುಗಾಡಿರಲಿಲ್ಲ. ಹಿರಿಯ ನಕ್ಷೆಗಾರ ಸ್ಕೇಲ್ ಮಾಮ ಎರಡೂ ಕೈ ಮೇಲೆತ್ತಿ, ಪೊಲೀಸರಿಗೆ ಸಿಕ್ಕಿಬಿದ್ದವರಂತೆ ನಿಂತಿದ್ದರು. ಹಿಂದೆ ಇಡೀ ಕಚೇರಿ ಕತ್ತು ಚಾಚಿತ್ತು.

ಬಾಣಕ್ಕೆ ಅವಸರವಿರಲಿಲ್ಲ. ಮನೆಯ ನಕ್ಷೆಯಲ್ಲಿ ನೇರ ಅಡುಗೆಮನೆಗೆ ಹೋಯಿತು. ಒಲೆಗೆ ಬಡಿಯುವಂತಿದ್ದ ಬಾಗಿಲನ್ನು ಎಳೆದು ಎದುರು ಗೋಡೆಗೆ ಕೂರಿಸಿತು.

"ನೋಡಿ ಯಜಮಾನ್ರೇ, ಹಾಡಹಗಲೇ ನನ್ನ ಕಂಪ್ಯೂಟರಿಗೆ ಯಾರೋ ನುಗ್ಗಿದ್ದಾರೆ," ಎಂದರು ಮಾಮ. "ಎರಡು ವಾರದಿಂದ ಇದೇ ಕಥೆ. ಹನ್ನೊಂದಕ್ಕೆ ನಾನು ಸೈಟಿಗೆ ಹೋಗ್ತೀನಲ್ಲ, ಆಗಲೇ. ಇವತ್ತು ಬೇಕಂತಲೇ ಹೋಗಲಿಲ್ಲ."

ಯಜಮಾನರು ಕಂಪ್ಯೂಟರಮ್ಮನ ಕಡೆ ನೋಡಿದರು. ಅಮ್ಮ ಎಂಬುದು ಬರೀ ಹೆಸರಿಗೆ, ವಯಸ್ಸು ಇಪ್ಪತ್ತನಾಲ್ಕು. ಕಚೇರಿಯ ಎಲ್ಲ ಯಂತ್ರಗಳ ಗುಟ್ಟೂ ಅವಳ ಕೈಯಲ್ಲಿತ್ತು. ಕೆಲಸ ಕಾಯಂ ಆಗುವುದೋ ಇಲ್ಲವೋ ಎಂಬುದು ಶನಿವಾರ ತೀರ್ಮಾನವಾಗಬೇಕಿತ್ತು.

"ನಾನಲ್ಲ ಸರ್."

"ಮತ್ಯಾರು, ದೆವ್ವಾನಾ? ಶನಿವಾರದೊಳಗೆ ಹಿಡಿದುಕೊಡು. ಇಲ್ಲಾಂದ್ರೆ ಸೋಮವಾರ ಬರೋದೇ ಬೇಡ."

ಯಜಮಾನರು ಹೇಳಿದರೆ ಹೇಳಿದ್ದೇ. ಕಚೇರಿಯಲ್ಲಿ ನಕ್ಷೆಗಾರರ ಕುರ್ಚಿಯೊಂದು ಖಾಲಿ ಬಿದ್ದು ಮೂರು ತಿಂಗಳಾಗಿತ್ತು. ಶಿಫಾರಸು ಎಂದರೆ ಅವರಿಗೆ ಮೈಯೆಲ್ಲ ಉರಿ. 'ನಮ್ಮವರು, ಸ್ವಲ್ಪ ನೋಡಿ' ಎಂಬ ಮಾತಿನೊಂದಿಗೆ ಬಂದ ಅರ್ಜಿಗಳೆಲ್ಲ ಕಸದ ಬುಟ್ಟಿ ಸೇರಿದ್ದವು. ಅವರ ಸ್ವಂತ ಷಡ್ಡಕನ ಮಗನದೂ ಅಲ್ಲೇ ಇತ್ತು.

ಕಂಪ್ಯೂಟರಮ್ಮ ದಾಖಲೆ ತೆರೆದಳು. ದಾರಿ ಹುಡುಕುವುದು ಕಷ್ಟವಿರಲಿಲ್ಲ, ಏಕೆಂದರೆ ಆ ದಾರಿ ಹಾಕಿದವಳೇ ಅವಳು. ಸಂಜೆ ಮನೆಯಲ್ಲೂ ಕೆಲಸ ಮಾಡುತ್ತೇನೆ ಎಂದು ಮಾಮ ಕೇಳಿಕೊಂಡಾಗ, ಎರಡು ತಿಂಗಳ ಹಿಂದೆ ಅವರ ಮನೆಗೆ ಹೋಗಿ ಹೊಂದಿಸಿ ಬಂದಿದ್ದಳು. ನಕ್ಷೆಯ ತಂತ್ರಾಂಶ ಓಡುವುದು ಕಚೇರಿಯ ಕಂಪ್ಯೂಟರಿನಲ್ಲಿ, ಅದೇ ಚಿತ್ರ ಮನೆಯ ಪರದೆಯಲ್ಲೂ ಕಾಣುತ್ತದೆ; ಅಲ್ಲಿ ಮೌಸ್ ಆಡಿಸಿದರೆ ಇಲ್ಲಿ ಬಾಣ ಓಡುತ್ತದೆ. ಮಾಮ ಅಂದು ಬೇಡಿಕೆಗಳ ಪಟ್ಟಿಯನ್ನೇ ಓದಿದ್ದರು. ಅಕ್ಷರ ದೊಡ್ಡದಿರಲಿ, ಮೌಸ್ ಎಡಗೈಗೆ ಹೊಂದಿಸು, ಪರದೆ ಬೆಳಕಿಗೆ ಬೆನ್ನು ಹಾಕಿರಲಿ, ತಂತಿ ಕಾಲಿಗೆ ಸಿಕ್ಕಬಾರದು. ಅವರ ಹೆಂಡತಿ ಎರಡು ಸಲ ಕಾಫಿ ಕೊಟ್ಟಿದ್ದರು.

ಹನ್ನೊಂದು ಗಂಟೆಯ ನುಸುಳುಕೋರ ಬರುತ್ತಿದ್ದುದು ಆ ಮನೆಯಿಂದಲೇ.

ಶುಕ್ರವಾರ ಮಾಮ ಸೈಟಿಗೆ ಹೊರಟದ್ದೇ ತಡ, ಅವಳು ಅವರ ಪರದೆಯ ಮುಂದೆ ಕುಳಿತು ಮನೆಗೆ ಫೋನ್ ಮಾಡಿದಳು.

"ಆಂಟಿ, ಮನೇಲಿ ಕಂಪ್ಯೂಟರ್ ಯಾರು ಮುಟ್ತಾರೆ?"

"ಅದರ ಗೊಡವೆ ನನಗ್ಯಾಕಮ್ಮ? ಧೂಳು ಒರೆಸ್ತೀನಿ, ಅಷ್ಟೆ."

ಫೋನಿನಲ್ಲಿ ಕ್ಲಿಕ್ ಎಂದಿತು. ಪರದೆಯ ಮೇಲಿನ ನಕ್ಷೆಯಲ್ಲಿ, ಬೀರುವಿನ ಹಿಂದೆ ಅಡಗಿದ್ದ ಕಿಟಕಿಯೊಂದು ಪಕ್ಕದ ಗೋಡೆಗೆ ಸರಿಯಿತು.

"ಧೂಳು ಚೆನ್ನಾಗಿ ಒರೆಸ್ತೀರಿ ಆಂಟಿ. ಕಿಟಕಿ ಈಗ ಸರಿಯಾದ ಜಾಗಕ್ಕೆ ಬಂತು."

ಬಾಣ ಇದ್ದಲ್ಲೇ ನಿಂತಿತು.

"ನಮ್ಮವರಿಗೆ ಹೇಳಬೇಡ ಕಣೆ," ಎಂದಿತು ಸಣ್ಣ ದನಿ. "ಮೊದಲು ನಾವಿಬ್ಬರೂ ಒಂದೇ ಕಡೆ ನಕ್ಷೆ ಬರೀತಿದ್ವಿ. ಮಗಳು ಹುಟ್ಟಿದ ಮೇಲೆ ಬಿಟ್ಟೆ. ಮತ್ತೆ ಕೆಲಸಕ್ಕೆ ಸೇರು ಅಂತ ಅವರು ಹೇಳ್ತಾನೇ ಇರ್ತಾರೆ, ಇಪ್ಪತ್ತು ವರ್ಷದ ಮೇಲೆ ನನ್ನ ಗೆರೆ ಯಾರಿಗೆ ಬೇಕು? ಸಂಜೆ ಪಕ್ಕದಲ್ಲಿ ಕೂರಿಸ್ಕೊಂಡು ತೋರಿಸ್ತಾರೆ, ನೋಡಿ ನೋಡಿ ಇದನ್ನ ಕಲಿತೆ. ಆದರೆ ಪಾಪ, ಅವರಿಗೆ ವಯಸ್ಸಾಯ್ತು ಕಣೆ. ಚಿಕ್ಕಮಕ್ಕಳು ಮಾಡೋ ತಪ್ಪು ಮಾಡ್ತಿದ್ದಾರೆ. ಯಜಮಾನರ ಕಣ್ಣಿಗೆ ಬಿದ್ದರೆ ಕೆಲಸ ಹೋಗುತ್ತಲ್ಲ, ಅದಕ್ಕೇ ತಿದ್ದಿದೆ."

ಕಂಪ್ಯೂಟರಮ್ಮ ಫೋನ್ ಇಟ್ಟಳು. ಬಾಯಿ ಬಿಟ್ಟರೆ ಮಾಮನ ಕೆಲಸಕ್ಕೆ ಕುತ್ತು, ಬಿಡದಿದ್ದರೆ ತನ್ನದಕ್ಕೆ. ಆ ಹೆಂಗಸಿನ ಮೇಲೆ ಅವಳಿಗೆ ಕೋಪ ಬರಬೇಕಿತ್ತು, ಬಂದದ್ದು ಅಕ್ಕರೆ.

ಶನಿವಾರ ಅವಳು ಇದ್ದದ್ದು ಇದ್ದಂತೆ ಹೇಳಿದಳು. ತಪ್ಪಿದ್ದ ನಕ್ಷೆಗಳನ್ನೂ ತಿದ್ದಿದವನ್ನೂ ಅಕ್ಕಪಕ್ಕ ಇಟ್ಟಳು. ಸ್ಕೇಲ್ ಮಾಮ ತಲೆ ತಗ್ಗಿಸಿ ನಿಂತಿದ್ದರು. ಯಜಮಾನರು ಹಾಳೆಗಳನ್ನು ತಿರುವಿದರು, ಮತ್ತೆ ಮೊದಲಿನಿಂದ ತಿರುವಿದರು.

"ಈ ಕೈಗೆ ಯಾರದಾದರೂ ಶಿಫಾರಸು ಇದೆಯಾ?"

"ಇಲ್ಲ ಸರ್. ಇರೋದು ಮಾಮನ ದೂರು ಮಾತ್ರ."

ಯಜಮಾನರು ಜೋರಾಗಿ ನಕ್ಕು ಮಾಮನತ್ತ ತಿರುಗಿದರು. "ಸೋಮವಾರ ಆ ಕಳ್ಳಿಯನ್ನ ಕರೆತನ್ನಿ. ಖಾಲಿ ಕುರ್ಚಿ ಅವರಿಗೆ. ಇನ್ನು ನಿಮ್ಮ ನಕ್ಷೆಗಳನ್ನೂ ಅವರೇ ನೋಡಲಿ."

"ಮನೇಲೂ ಅವಳ ಕೈಕೆಳಗೆ, ಇಲ್ಲೂ ಅವಳ ಕೈಕೆಳಗೇನಾ?" ಮಾಮ ಗೊಣಗಿದರು.

ಕಂಪ್ಯೂಟರಮ್ಮನ ಕೆಲಸ ಅಂದೇ ಕಾಯಂ ಆಯಿತು. ಹೊರಗೆ ಬಂದಾಗ ಮಾಮ ಅವಳ ತಲೆ ಸವರಿದರು. "ಅನುಮಾನ ನಿನ್ನ ಮೇಲೆ ತಿರುಗುತ್ತೆ ಅಂತ ನನಗೆ ಹೊಳೀಲೇ ಇಲ್ಲ ಮಗೂ. ತಪ್ಪಾಯ್ತು." ಅಂಥದ್ದೇನು ತಪ್ಪು, ದೂರು ಕೊಡುವುದು ಸಹಜವೇ, ಎಂದುಕೊಂಡಳು.

ಸೋಮವಾರ ಆಂಟಿ ಹೊಸ ಕುರ್ಚಿಯಲ್ಲಿ ಕುಳಿತರು. ಮುಖ ಬೆಳಗಿತ್ತು. ಬಲಕ್ಕಿದ್ದ ಮೌಸನ್ನು ಎತ್ತಿ ಮೇಜಿನ ಇನ್ನೊಂದು ಬದಿಗಿಟ್ಟರು.

"ಇದನ್ನ ಎಡಗೈಗೆ ಹೊಂದಿಸಿಕೊಡಮ್ಮ, ನಮ್ಮ ಮನೇದರ ಥರ. ನಾನು ಎಡಚಿ."

ಕಂಪ್ಯೂಟರಮ್ಮ ಮೌಸ್ ಹಿಡಿದವಳು ಹಾಗೇ, ಅಂದು ಮನೆಯಲ್ಲಿ ಅದು ಎಡಗೈಗೇ ಬೇಕೆಂದಿದ್ದ ಮಾಮನ ಕಡೆ ತಿರುಗಿದಳು.

ಮಾಮ ಬಲಗೈಯಲ್ಲಿ ಪೆನ್ಸಿಲ್ ಹಿಡಿದು, ತಲೆ ಎತ್ತದೆ, ಒಂದೇ ಒಂದು ತಪ್ಪೂ ಇಲ್ಲದ ನಕ್ಷೆ ಬರೆಯುತ್ತಿದ್ದರು.