ಬಲಗಡೆಯ ಕಾಲಿಂಚು

ಕಾರನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಾಗ ಎಡಗಡೆಯ ಹಿಂದಿನ ಚಕ್ರ ಸದ್ದಿಲ್ಲದೆ ತಿರುಗಿತು. ಬಲಗಡೆಯದು ಅರ್ಧ ಸುತ್ತಿಗೇ ಮಡ್‌ಗಾರ್ಡಿನ ಅಂಚಿಗೆ ಉಜ್ಜಿ ಕರ್ರೆಂದಿತು. ಬೇಲಿಯಾಚೆ ಟೊಮೆಟೊ ಸಸಿ ನೆಡುತ್ತಿದ್ದ ವರ್ನಾ ಪಾವ್ಲಾಕ್ ಆ ಸದ್ದಿಗೆ ಬೆನ್ನು ನೆಟ್ಟಗೆ ಮಾಡಿ ನಿಂತಳು. ಪಕ್ಕದ ಮನೆಯ ಕರ್ಟಿಸ್ ಹೋಬನ್ ಅಳತೆಪಟ್ಟಿ ಹಿಡಿದು ಮೂರು ಸಲ ಬಗ್ಗಿ ಎದ್ದ. ದಪ್ಪ ಟೈರು ಹಾಕುವ ಹುಮ್ಮಸ್ಸಿನಲ್ಲಿ ಅವನು ಎಡಗಡೆ ಮಾತ್ರ ಅಳೆದು ಎರಡು ಕಡೆಗೂ ಒಂದೇ ಅಗಲದ ರಿಮ್ಮು ತರಿಸಿದ್ದ. ಈಗ ನೋಡಿದರೆ ಬಲಗಡೆ ಕಾಲಿಂಚು ಜಾಗ ಕಡಿಮೆ.

"ಇದಕ್ಕೆ ಈ ಕಡೆ ಏಟು ಬಿದ್ದಿದೆ ಕಣೋ," ಎಂದ ಕರ್ಟಿಸ್, ಗೆಳೆಯ ಲಾಯ್ಡ್ ಬೆಂಡರನ ಕಡೆ ತಿರುಗಿ. "ಯಾರೋ ಬಡಿದು ಸರಿಮಾಡಿ ಬಣ್ಣ ಹೊಡೆದಿದ್ದಾರೆ."

ಎಪ್ಪತ್ತನೇ ಇಸವಿಯ ಆ ಎಂಟು ಸಿಲಿಂಡರಿನ ಕಿತ್ತಳೆ ಬಣ್ಣದ ಕಾರನ್ನು ಲಾಯ್ಡನ ಅಪ್ಪ ಹೊಸದಾಗಿ ಕೊಂಡಿದ್ದ. ಮಂಡಿನೋವಿನಿಂದ ಕ್ಲಚ್ಚು ಒತ್ತಲಾಗದೆ ಎರಡು ವರ್ಷದ ಹಿಂದೆ ಲಾಯ್ಡ್ ಅದನ್ನು ಕರ್ಟಿಸನಿಗೆ ಮಾರಿದ್ದ.

"ಒಂದು ಗೀರೂ ಬಿದ್ದಿಲ್ಲ. ನಮ್ಮಪ್ಪ ಮಳೆ ಬಂದ್ರೆ ಇದನ್ನ ಹೊರಗೇ ತೆಗೀತಿರ್ಲಿಲ್ಲ."

"ಹಾಗಾದ್ರೆ ಈ ಕಾಲಿಂಚು ಎಲ್ಲಿಗೆ ಹೋಯ್ತು? ತಗಡು ಚಳಿಗೆ ಮುದುರಿಕೊಳ್ತಾ? ನಲವತ್ತು ವರ್ಷದ ಸ್ನೇಹ ಅಂತ ನಾನು ಬಗ್ಗಿ ಕೂಡ ನೋಡ್ಲಿಲ್ಲ. ಸುಳ್ಳು ಹೇಳಿ ಮಾರಿದೆ ನೀನು."

ಲಾಯ್ಡ್ ಕೈಯಲ್ಲಿದ್ದ ಬೇಸ್‌ಬಾಲ್ ಬ್ಯಾಟನ್ನು ನಿಧಾನವಾಗಿ ಗೋಡೆಗೆ ಒರಗಿಸಿದ. ಜಾಗ ಸಾಲದಿದ್ದರೆ ಟೈರಿಗೂ ಅಂಚಿಗೂ ನಡುವೆ ಅದನ್ನು ತೂರಿಸಿ ಕಾರು ತಳ್ಳಿದರೆ ಅಂಚು ತಾನಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಗೆಳೆಯನಿಗೆ ಕೈಜೋಡಿಸೋಣವೆಂದು ಬೆಳಿಗ್ಗೆಯೇ ತಂದಿದ್ದ. ಈಗ ಜೇಬಿನಲ್ಲಿ ತನ್ನ ಪಿಕಪ್ ಗಾಡಿಯ ಬೀಗದಕೈ ಹುಡುಕತೊಡಗಿದ.

ವರ್ನಾಗೆ ಆ ಕಾಲಿಂಚು ಎಲ್ಲಿಗೆ ಹೋಯಿತೆಂದು ಗೊತ್ತಿತ್ತು. ಐವತ್ತು ವರ್ಷಕ್ಕೂ ಮೇಲೆ ಗಂಡನಿಗೂ ಹೇಳದೆ ನುಂಗಿಕೊಂಡಿದ್ದ ಸಂಗತಿ ಅದು. ಈ ಕಾರು ತಯಾರಾದ, ಅವಳು ದುಡಿದ ಊರಾಚೆಯ ಕಾರ್ಖಾನೆ ಮುಚ್ಚಿ, ಕೆಡವಿ, ಅಲ್ಲೀಗ ಹುಲ್ಲು ಬೆಳೆದಿದ್ದರೂ, ಅಲ್ಲಿಂದ ಹೊರಬಿದ್ದ ಕಾರುಗಳಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ ಎಂದು ಊರಿಗೆ ಊರೇ ಎದೆ ತಟ್ಟಿಕೊಳ್ಳುತ್ತಿತ್ತು. ಅವಳ ಹಜಾರದ ಗೋಡೆಯ ಮೇಲೆ ಮೂವತ್ತು ವರ್ಷದ ಸೇವೆಯ ಫಲಕ ಬೇರೆ ತೂಗುತ್ತಿತ್ತು. ಬಾಯಿಬಿಡಲು ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಲಾಯ್ಡನ ಪೆಚ್ಚು ಮೋರೆ ನೋಡಿ ಸಿಟ್ಟೇ ಬಂತು. ಕೈಯ ಮಣ್ಣು ಕೊಡವಿಕೊಂಡು ಬೇಲಿಯ ಬಾಗಿಲು ದೂಡಿ ಒಳಗೆ ಬಂದಳು.

"ಲಾಯ್ಡ್, ಎಲ್ಲಿಗೂ ಹೋಗಬೇಡ. ಕರ್ಟಿಸ್, ಹಿಂದಿನ ಡಿಕ್ಕಿ ತೆಗಿ. ಬಲಗಡೆ ದೀಪದ ಹಿಂದೆ ಕೈ ಹಾಕು."

"ಮಿಸೆಸ್ ಪಾವ್ಲಾಕ್, ಇದು ನಮ್ಮಿಬ್ಬರ ವಿಷಯ. ನೀವು ದಯವಿಟ್ಟು..."

"ಹಾಕೋ ಅಂದೆ. ಬೆಸುಗೆಯ ಚುಕ್ಕೆ ಕೈಗೆ ಸಿಗತ್ತೆ. ಎಡಗಡೆ ಎರಡಿರತ್ತೆ. ಬಲಗಡೆ ಮೂರಿದ್ರೆ ಈ ಕಾರು ನನ್ನ ಕೈಲಿ ಆಗಿದ್ದು."

ಕರ್ಟಿಸ್ ಗೊಣಗುತ್ತಲೇ ಡಿಕ್ಕಿಯೊಳಗೆ ಬಗ್ಗಿದ. ಎಡಗಡೆ ತಡಕಿದ, ಬಲಗಡೆ ತಡಕಿದ, ಮತ್ತೊಮ್ಮೆ ಬಲಗಡೆ ತಡಕಿದ.

"ಮೂರಿದೆ," ಎಂದ, ತಲೆ ಹೊರಗೆ ತೆಗೆಯದೆ.

"ನಂಗಾಗ ಇಪ್ಪತ್ತು ವರ್ಷ. ಬಲಗಡೆ ತಗಡು ಕೂರಿಸೋ ಜಾಗದಲ್ಲಿ ನಿಲ್ಲಿಸಿದ್ರು. ತಗಡು ಹಿಡಿಯೋ ಕ್ಲಾಂಪು ಆರಡಿ ಗಂಡಸರ ಎತ್ತರಕ್ಕಿತ್ತು. ನಾನೋ ಐದಡಿ ಒಂದಿಂಚು. ಜೋತುಬಿದ್ದು ಎಳೀತಿದ್ದೆ. ಎಳೆದಾಗೆಲ್ಲ ತಗಡು ಕಾಲಿಂಚು ಒಳಗೆ ಹೋಗ್ತಿತ್ತು. ನಿಲ್ಲತ್ತೋ ಇಲ್ವೋ ಅನ್ನೋ ಭಯಕ್ಕೆ ಒಂದು ಬೆಸುಗೆ ಹೆಚ್ಚಿಗೆ ಹಾಕ್ತಿದ್ದೆ."

"ಯಾರಿಗೂ ಹೇಳ್ಲಿಲ್ವಾ?" ಎಂದ ಲಾಯ್ಡ್.

"ಹೆಂಗಸಿನ ಕೈಲಿ ಆಗಲ್ಲ ಅನ್ನೋಕೆ ಬಾಯಿ ತೆರ್ಕೊಂಡು ಕಾಯ್ತಿದ್ರು. ನಾನ್ಯಾಕೆ ಹೇಳಲಿ? ಎರಡು ತಿಂಗಳಾದ ಮೇಲೆ ನಿಂತ್ಕೊಳ್ಳೋಕೆ ಒಂದು ಮರದ ಪೆಟ್ಟಿಗೆ ಸಿಕ್ತು. ಆಮೇಲೆ ಒಂದೂ ತಪ್ಪಿಲ್ಲ."

"ಎರಡು ತಿಂಗಳು ಅಂದ್ರೆ ಎಷ್ಟು ಕಾರು?" ಎಂದ ಕರ್ಟಿಸ್.

"ಗಂಟೆಗೆ ನಲವತ್ತೈದು, ಐವತ್ತು. ಲೆಕ್ಕ ನೀನೇ ಹಾಕ್ಕೋ. ದಪ್ಪ ಟೈರಿನ ಚಪಲ ಇಲ್ಲದವರಿಗೆ ಇವತ್ತಿಗೂ ಗೊತ್ತಿಲ್ಲ."

ಕರ್ಟಿಸನ ಮುಖ ಅರಳುತ್ತಾ ಬಂತು. ಅಂಗೈಯಿಂದ ಮಡ್‌ಗಾರ್ಡನ್ನು ಉದ್ದಕ್ಕೂ ಸವರಿದ. "ಅಂದ್ರೆ ಇದು ಹುಟ್ಟಿದ್ದೇ ಹೀಗೆ. ಯಾರೂ ಮುಟ್ಟಿಲ್ಲ. ಬಣ್ಣನೂ ಮೊದಲಿಂದೇ," ಎನ್ನುತ್ತಾ ಮಂಡಿಯೂರಿ ಕೂತು, ಅಂಚಿನ ಧೂಳನ್ನು ಅಂಗಿಯ ತೋಳಿನಿಂದಲೇ ಒರೆಸತೊಡಗಿದ. ಅವನ ಬೆನ್ನ ಹಿಂದೆ ಲಾಯ್ಡ್ ಬೀಗದಕೈ ಹಿಡಿದುಕೊಂಡು ಇನ್ನೂ ನಿಂತೇ ಇದ್ದ.

ವರ್ನಾ ಬಗ್ಗಿ ಕರ್ಟಿಸನ ಭುಜ ಹಿಡಿದು ಈ ಕಡೆಗೆ ತಿರುಗಿಸಿದಳು.

"ಅದನ್ನ ಆಮೇಲೆ ಸವರುವಿಯಂತೆ. ಕಾರಿಗೇನೂ ಏಟು ಬಿದ್ದಿಲ್ಲ. ಏಟು ತಿಂದವನು ಇಲ್ಲಿ ನಿಂತಿದ್ದಾನೆ, ನೋಡು."